ಮಂಗನಬಾವು: ಗಂಡಸರ ಲೆಕ್ಕಕ್ಕೆ ಬಾರದ ಬೇನೆ

ಏಜಿಯನ್ ಕಡಲಿನ ಉತ್ತರದಂಚಿನಲ್ಲಿ ಥಾಸೋಸ್ ಎಂಬ ಗ್ರೀಕ್ ದ್ವೀಪವಿದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದು ವರ್ಷ ಅಲ್ಲಿ ಚಳಿಗಾಲವೂ ವಸಂತದಂತೆ ಬೆಚ್ಚಗಿತ್ತು. ತೆಂಕಣ ಗಾಳಿ ಬೀಸುತ್ತಿತ್ತು, ಮಳೆ ಕಡಿಮೆ. ಆಗ ಊರಿನ ಹಲವರಿಗೆ ಕಿವಿಯ ಬುಡದಲ್ಲಿ ಬಾವು ಕಾಣಿಸಿಕೊಂಡಿತು, ಕೆಲವರಿಗೆ ಒಂದೇ ಬದಿ, ಹೆಚ್ಚಿನವರಿಗೆ ಎರಡೂ ಬದಿ. ಬಹುತೇಕರಿಗೆ ಹಾಸಿಗೆ ಹಿಡಿಸುವಂಥ ಜ್ವರವಿರಲಿಲ್ಲ. ಬಾವು ಕೀವು ಕಟ್ಟದೆ ತಾನಾಗಿಯೇ ಇಳಿಯಿತು. ಸಿಕ್ಕಿಬಿದ್ದವರು ಹುಡುಗರು, ಪ್ರಾಯದ ಗಂಡಸರು, ಅದರಲ್ಲೂ ಗರಡಿಮನೆಗೆ ಹೋಗಿಬರುವವರು, ಹೆಂಗಸರಲ್ಲಿ ವಿರಳ. ಹಲವರಿಗೆ ಒಣಕೆಮ್ಮು ಹತ್ತಿತು, ದನಿ ಬಿದ್ದುಹೋಯಿತು. ಇದರ ಬೆನ್ನಿಗೇ, ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ, ಒಂದು ಅಥವಾ ಎರಡೂ ವೃಷಣಗಳು ಊದಿಕೊಂಡು ನೋವು ಶುರುವಾಯಿತು. ಹಿಪೊಕ್ರೇಟಿಸನ ಹೆಸರಿನಲ್ಲಿ ಉಳಿದುಬಂದಿರುವ ‘ಎಪಿಡೆಮಿಕ್ಸ್’ ಗ್ರಂಥ ಆರಂಭವಾಗುವುದೇ ಈ ವಿವರದಿಂದ. ನಮ್ಮಲ್ಲಿ ಮಂಗನಬಾವು, ಕೆಲವೆಡೆ ಕೆಪ್ಪಟರಾಯ ಎಂದು ಕರೆಯುವ ರೋಗದ ಮೊದಲ ಸ್ಪಷ್ಟ ದಾಖಲೆ ಇದು. ಆ ವೈದ್ಯ ಕೊನೆಗೆ ಸೇರಿಸಿದ ಒಂದು ಮಾತು ಮುಂದಿನ ಇಡೀ ಚರಿತ್ರೆಯನ್ನು ಮೊದಲೇ ಹೇಳಿಬಿಟ್ಟಂತಿದೆ: ಇದನ್ನು ಬಿಟ್ಟರೆ ಆ ಜನಕ್ಕೆ ವೈದ್ಯಶಾಲೆಗೆ ಬರಬೇಕಾದಂಥ ತೊಂದರೆಯೇನೂ ಇರಲಿಲ್ಲ.

ಬಾವು ಕಿವಿಯ ಬುಡದಲ್ಲಿ, ಕೆಮ್ಮು ಗಂಟಲಿನಲ್ಲಿ, ನೋವು ತೊಡೆಯ ಸಂದಿಯಲ್ಲಿ. ಇವು ಮೂರೂ ಒಂದೇ ಬೇನೆಯ ಹಂತಗಳು ಎಂಬುದು ಹೆಚ್ಚುಕಡಿಮೆ 2,400 ವರ್ಷಗಳ ಹಿಂದೆಯೇ ಬರಹದಲ್ಲಿ ದಾಖಲಾಗಿತ್ತು. ಇಷ್ಟು ಹಳೆಯ ತಿಳಿವಳಿಕೆ ಇದ್ದೂ ಇಂದಿಗೂ ಮಂಗನಬಾವು ಎಂದರೆ ಮಕ್ಕಳ ಕೆನ್ನೆ ಊದುವ, ವಾರದಲ್ಲಿ ಹೋಗುವ, ನಗೆಗೆ ಈಡಾಗುವ ಕಾಯಿಲೆ ಎಂಬ ಭಾವನೆಯೇ ಗಟ್ಟಿಯಾಗಿದೆ. ಉಸಿರಿನ ಹನಿಗಳಿಂದ ಹರಡುವ ಒಂದು ವೈರಸ್ಸು ಗಂಡಸಿನ ಜನನಾಂಗವನ್ನು ಮುಟ್ಟಬಲ್ಲದು ಎಂಬ ಮಾತು 2020ರಲ್ಲಿ ಕೋವಿಡ್ ಬಂದಾಗ ಹೊಸ ಸುದ್ದಿಯಂತೆ ಕೇಳಿಸಿತು. ಇದಕ್ಕೆ ಅಜ್ಞಾನ ಕಾರಣವಲ್ಲ ಎನ್ನುವುದು ಈ ಬರಹದ ವಾದ. ರೋಗದ ತೂಕವನ್ನು ಸಾವಿನ ಸಂಖ್ಯೆಯಿಂದ ಮಾತ್ರ ಅಳೆಯುವ ರೂಢಿ ಒಂದು ಕಡೆ, ಗಂಡಸಿನ ಆ ಭಾಗದ ನೋವನ್ನು ಹೇಳಿಕೊಳ್ಳದ, ಕೇಳಿಸಿಕೊಳ್ಳದ ರೂಢಿ ಇನ್ನೊಂದು ಕಡೆ. ಇವೆರಡೂ ಸೇರಿ ಗೊತ್ತಿದ್ದ ಸಂಗತಿಯನ್ನು ಲೆಕ್ಕದಿಂದ ಹೊರಗೆ ಇಟ್ಟವು. ಇದರ ಫಲ ಇಂದು ನಮ್ಮ ಲಸಿಕೆಯ ಪಟ್ಟಿಯಲ್ಲೇ ಕಾಣುತ್ತಿದೆ.

ಭಾರತದ ಹಳೆಯ ವೈದ್ಯಗ್ರಂಥಗಳಲ್ಲಿ ಈ ಬೇನೆಯ ಮುಖ ಒಂದು ಕಡೆ, ಮೈ ಒಂದು ಕಡೆ ಇದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದ 13ನೆಯ ಅಧ್ಯಾಯ ಕ್ಷುದ್ರರೋಗಗಳದ್ದು, ಅಂದರೆ ಸಣ್ಣಪುಟ್ಟ ಕಾಯಿಲೆಗಳದ್ದು. ಅಲ್ಲಿ ‘ಪಾಷಾಣಗರ್ದಭ’ ಎಂಬ ಹೆಸರಿನಲ್ಲಿ ದವಡೆಯ ಕೀಲಿನ ಬಳಿ ಬರುವ, ಅಲುಗದ, ಹೆಚ್ಚು ನೋವಿಲ್ಲದ ಬಾವಿನ ವರ್ಣನೆ ಇದೆ. ಇದು ಮಂಗನಬಾವೇ ಎಂದು ಆಯುರ್ವೇದದ ಪಂಡಿತರು ಸಾಮಾನ್ಯವಾಗಿ ಗುರುತಿಸುತ್ತಾರೆ. ಇದಕ್ಕೆ ಸರಿಯಾಗಿ ಹಿಂದಿನ, 12ನೆಯ ಅಧ್ಯಾಯದಲ್ಲಿ ‘ವೃದ್ಧಿ’ ಎಂಬ ಹೆಸರಿನಲ್ಲಿ ವೃಷಣದ ಬಾವುಗಳ ವಿವರ ಬರುತ್ತದೆ. ಎರಡು ಬಾವುಗಳು ಅಕ್ಕಪಕ್ಕದ ಅಧ್ಯಾಯಗಳಲ್ಲಿ ಕೂತಿವೆ, ನಡುವೆ ಸಂಬಂಧದ ಎಳೆ ಮಾತ್ರ ಇಲ್ಲ. ಸುಶ್ರುತನನ್ನು ದೂರಲು ಈ ಮಾತು ಹೇಳುತ್ತಿಲ್ಲ. ಲಕ್ಷಣಕ್ಕೊಂದು ಹೆಸರು ಕೊಟ್ಟು, ಅಂಗಕ್ಕೊಂದು ಅಧ್ಯಾಯ ಮಾಡುವ ಕ್ರಮದಲ್ಲಿ ಒಂದೇ ರೋಗಿಯ ದೇಹದಲ್ಲಿ ವಾರದ ಅಂತರದಲ್ಲಿ ಬಂದ ಎರಡು ಬಾವುಗಳು ಎರಡು ರೋಗಗಳಾಗಿಬಿಡುವುದು ಸಹಜ. ಇಂದಿನ ಆಸ್ಪತ್ರೆಯಲ್ಲೂ ಕೆನ್ನೆ ಊದಿದ ಹುಡುಗನನ್ನು ಮಕ್ಕಳ ವೈದ್ಯರು ಅಥವಾ ಕಿವಿ-ಮೂಗು-ಗಂಟಲಿನ ವೈದ್ಯರು ನೋಡುತ್ತಾರೆ, ವೃಷಣ ಊದಿದ ಯುವಕನನ್ನು ಮೂತ್ರಾಂಗದ ವೈದ್ಯರು ನೋಡುತ್ತಾರೆ, ಮಕ್ಕಳಾಗದ ದಂಪತಿಯನ್ನು ಬಹಳ ಸಲ ಸ್ತ್ರೀರೋಗ ತಜ್ಞರು ನೋಡುತ್ತಾರೆ. ಮೂವರ ಮುಂದೆಯೂ ಕೂತವನು ಒಬ್ಬನೇ ಆಗಿರಬಹುದು.

ಇಂಗ್ಲೆಂಡಿನ ಕಿಂಗ್ಸ್ ಲಿನ್ ಎಂಬ ಬಂದರು ಪಟ್ಟಣದಲ್ಲಿ ವೈದ್ಯನಾಗಿದ್ದ ರಾಬರ್ಟ್ ಹ್ಯಾಮಿಲ್ಟನ್ 18ನೆಯ ಶತಮಾನದಲ್ಲಿ ಆ ಎಳೆಯನ್ನು ಮತ್ತೆ ಹಿಡಿದ. 1790ರಲ್ಲಿ ಅಚ್ಚಾದ ಅವನ ಲೇಖನ ಗ್ರಂಥಗಳಿಂದ ಎತ್ತಿದ್ದಲ್ಲ, ಅವನೇ ಕಂಡ ರೋಗಿಗಳಿಂದ ಬರೆದದ್ದು. ಕೆನ್ನೆಯ ಬಾವು ಇಳಿಯುವ ಹೊತ್ತಿಗೆ ವೃಷಣ ಊದುವುದನ್ನು ಅವನು ಬಿಡಿಬಿಡಿಯಾಗಿ ವಿವರಿಸಿದ. ಕೆಲವರಲ್ಲಿ ಮಿದುಳಿಗೂ ತೊಂದರೆಯಾಗುವುದನ್ನು ಗುರುತಿಸಿದ. ಹಾಗಿದ್ದರೂ ಮುಂದಿನ ನೂರು ವರ್ಷ ವೈದ್ಯರಲ್ಲಿ ಬಹಳ ಮಂದಿ, ಕೆನ್ನೆಯಲ್ಲಿದ್ದ ದುಷ್ಟ ದ್ರವ ಕೆಳಗೆ ಇಳಿದು ವೃಷಣಕ್ಕೆ ಸೇರುತ್ತದೆ ಎಂದೇ ನಂಬಿದ್ದರು. ಬಾವು ಜಾಗ ಬದಲಿಸಿತು ಎಂದಷ್ಟೇ ತಿಳಿದರೆ ಅದನ್ನು ತಡೆಯುವ ಯೋಚನೆ ಹುಟ್ಟುವುದಿಲ್ಲ.

ಈ ರೋಗ ನಿಜವಾಗಿ ಲೆಕ್ಕಕ್ಕೆ ಬಂದದ್ದು ಸೈನ್ಯದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರನ್ನು ಆಸ್ಪತ್ರೆ ಸೇರಿಸಿದ ಕಾಯಿಲೆಗಳಲ್ಲಿ ಇನ್‌ಫ್ಲುಯೆಂಜಾ ಮತ್ತು ಗೊನೋರಿಯಾ ಬಿಟ್ಟರೆ ಮುಂದಿನ ಸ್ಥಾನ ಮಂಗನಬಾವಿನದು. ಆ ಸೈನ್ಯದಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿಗೆ ಅದು ತಗುಲಿತು. ಯಾಕೆ ಎಂಬುದು ಮುಖ್ಯ. ಪಟ್ಟಣದ ಇಕ್ಕಟ್ಟಿನಲ್ಲಿ ಬೆಳೆದ ಹುಡುಗರು ಐದಾರು ವರ್ಷಕ್ಕೇ ಈ ಬೇನೆ ಕಂಡು ಮುಗಿಸಿರುತ್ತಿದ್ದರು. ದೂರದೂರದ ಹೊಲಮನೆಗಳಲ್ಲಿ ಬೆಳೆದ ರೈತರ ಮಕ್ಕಳು 20 ವರ್ಷವಾದರೂ ಅದನ್ನು ಕಂಡಿರಲಿಲ್ಲ. ಅವರನ್ನು ತಂದು ಸಾಲು ಮಂಚಗಳ ಬ್ಯಾರಕ್ಕುಗಳಲ್ಲಿ ಮಲಗಿಸಿದಾಗ ಒಬ್ಬನ ಕೆಮ್ಮು ಇಡೀ ತುಕಡಿಯ ಕಾಯಿಲೆಯಾಯಿತು. ಪ್ರಾಯ ಬಂದ ಮೇಲೆ ತಗುಲಿದ್ದರಿಂದ ವೃಷಣದ ಉರಿಯೂತವೂ ಹೇರಳವಾಗಿ ಬಂತು. ಥಾಸೋಸಿನ ಗರಡಿಮನೆಯಲ್ಲಿ ಆದದ್ದೂ ಇದೇ ಇರಬೇಕು. ಸೈನ್ಯಕ್ಕೆ ಈ ರೋಗದಿಂದ ಸಾಯುವವರ ಚಿಂತೆ ಇರಲಿಲ್ಲ, ಸತ್ತವರು ತೀರ ಕಡಿಮೆ. ಅದರ ಚಿಂತೆ ಕಳೆದುಹೋದ ಕೆಲಸದ ದಿನಗಳದ್ದು: ನೆಟ್ಟಗೆ ನಿಲ್ಲಲಾರದ, ನಡೆಯಲಾರದ ಸೈನಿಕ ಯುದ್ಧಕ್ಕೆ ಬರುವುದಿಲ್ಲ. ಸಾವನ್ನು ಬಿಟ್ಟು ಬೇರೊಂದು ಅಳತೆಯಿಂದ ಎಣಿಸಿದ ಕೂಡಲೇ ‘ಸಣ್ಣ’ ರೋಗ ಮೂರನೆಯ ಸ್ಥಾನಕ್ಕೆ ಏರಿತು ಎಂಬುದನ್ನು ಗಮನಿಸಬೇಕು.

ವೃಷಣದಲ್ಲಿ ಆಗುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೈರಸ್ಸು ಮೂಗು-ಗಂಟಲಿನ ಪೊರೆಯಲ್ಲಿ ನೆಲೆಯೂರಿ, ಎರಡು ಮೂರು ವಾರಗಳಲ್ಲಿ ರಕ್ತಕ್ಕೆ ಇಳಿದು ಜೊಲ್ಲಿನ ಗ್ರಂಥಿ, ಮಿದುಳಿನ ಪೊರೆ, ಮೇದೋಜೀರಕಾಂಗ, ಮೂತ್ರಪಿಂಡ, ವೃಷಣ ಎಲ್ಲವನ್ನೂ ಮುಟ್ಟುತ್ತದೆ. ರೋಗಿಯ ಮೂತ್ರದಲ್ಲೂ ವೈರಸ್ಸು ಎರಡು ವಾರಗಳವರೆಗೆ ಸಿಗುತ್ತದೆ. ಮೂತ್ರಪಿಂಡದ ಕೆಲಸದಲ್ಲಿ ತಾತ್ಕಾಲಿಕ ಏರುಪೇರು ಆಗುವುದನ್ನು 1960ರ ದಶಕದ ವೈದ್ಯರು ಅಳೆದು ತೋರಿಸಿದ್ದಾರೆ. ಕೆನ್ನೆಯ ಚರ್ಮ ಸಡಿಲ, ಒಳಗೆ ಬಾವು ಬಂದರೆ ಹಿಗ್ಗುತ್ತದೆ. ವೃಷಣಕ್ಕೆ ಆ ಸೌಲಭ್ಯವಿಲ್ಲ. ಅದನ್ನು ಸುತ್ತಿಕೊಂಡಿರುವ ಟ್ಯುನಿಕಾ ಅಲ್ಬುಜಿನಿಯಾ ಎಂಬ ಬಿಳಿಯ ನಾರಿನ ಕವಚ ಗಟ್ಟಿ, ಹಿಗ್ಗುವುದಿಲ್ಲ. ಬಿಗಿಯಾಗಿ ಕಟ್ಟಿದ ಚೀಲದೊಳಗೆ ಕಾಳು ನೆನೆದು ಉಬ್ಬಿದಂತೆ ಒತ್ತಡ ಒಳಗೇ ಏರುತ್ತದೆ. ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ವೀರ್ಯಾಣು ಹುಟ್ಟುವ ಕೂದಲೆಳೆಯಂಥ ನಾಳಗಳಲ್ಲಿ ಕೆಲವು ರಕ್ತವಿಲ್ಲದೆ ಸತ್ತು ನಾರಾಗುತ್ತವೆ. ಕೆನ್ನೆ ಊದಿ ನಾಲ್ಕರಿಂದ ಎಂಟು ದಿನಕ್ಕೆ ಈ ನೋವು ಸಾಮಾನ್ಯವಾಗಿ ಕಾಣಿಸುತ್ತದೆ, ಕೆಲವೊಮ್ಮೆ ಕೆನ್ನೆ ಊದದೆಯೂ ಬರುತ್ತದೆ. ಪ್ರಾಯ ಬಂದ ಮೇಲೆ, ಲಸಿಕೆ ಇಲ್ಲದೆ ಈ ರೋಗ ತಗುಲಿದ ಗಂಡಸರಲ್ಲಿ ಸರಿಸುಮಾರು ನೂರಕ್ಕೆ 15ರಿಂದ 30 ಮಂದಿಗೆ ವೃಷಣ ಊದುತ್ತದೆ. ಊದಿದ ವೃಷಣಗಳಲ್ಲಿ ಅರ್ಧದಷ್ಟು ಮುಂದೆ ಅಷ್ಟಿಷ್ಟು ಕುಗ್ಗುತ್ತವೆ. ಹೆಚ್ಚಿನವರಿಗೆ ಒಂದೇ ಬದಿಯಲ್ಲಿ ಬರುವುದರಿಂದ ಪೂರ್ಣ ಬಂಜೆತನ ಅಪರೂಪ; ಆದರೆ ವೀರ್ಯಾಣುಗಳ ಸಂಖ್ಯೆ, ಚಲನೆ ಕಡಿಮೆಯಾಗುವುದು ಅಪರೂಪವಲ್ಲ.

ಯುದ್ಧದ ಅನುಭವದಿಂದಲೇ ಸಂಶೋಧನೆಗೆ ಕಾವು ಬಂತು. 1934ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕ್ಲಾಡ್ ಜಾನ್ಸನ್ ಮತ್ತು ಅರ್ನೆಸ್ಟ್ ಗುಡ್‌ಪಾಸ್ಚರ್ ರೋಗಿಗಳ ಜೊಲ್ಲನ್ನು ಬ್ಯಾಕ್ಟೀರಿಯಾ ಉಳಿಯದಂತೆ ಸೋಸಿ ರೀಸಸ್ ಕೋತಿಗಳಿಗೆ ತಗುಲಿಸಿ, ಇದು ವೈರಸ್ಸಿನ ಕೆಲಸ ಎಂದು ತೋರಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಚೇತರಿಸಿಕೊಂಡವರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ ಚುಚ್ಚಿ ಸೈನಿಕರ ವೃಷಣ ಉಳಿಸಲು ನೋಡಿದರು. ಶಸ್ತ್ರಚಿಕಿತ್ಸಕರು ಆ ಬಿಳಿಯ ಕವಚವನ್ನೇ ಸೀಳಿ ಒತ್ತಡ ಇಳಿಸಲು ನೋಡಿದರು, ಬೇರೆಯವರು ಸ್ತ್ರೀ ಹಾರ್ಮೋನಿನ ಮಾತ್ರೆ ಕೊಟ್ಟರು, ಮುಂದೆ ಸ್ಟಿರಾಯ್ಡ್, ಇನ್ನೂ ಮುಂದೆ ಇಂಟರ್‌ಫೆರಾನ್ ಬಂತು. ಯಾವುದೂ ನೆಚ್ಚಬಹುದಾದ ಚಿಕಿತ್ಸೆಯಾಗಿ ನಿಲ್ಲಲಿಲ್ಲ. ಇಂದಿಗೂ ವೈದ್ಯರ ಬಳಿ ಇರುವುದು ವಿಶ್ರಾಂತಿ, ನೋವಿನ ಮಾತ್ರೆ, ಐಸ್ ಮತ್ತು ವೃಷಣಕ್ಕೆ ಬಟ್ಟೆಯ ಆಸರೆ. ಬಂದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಇಲ್ಲ ಎನ್ನುವುದೇ ಬಾರದಂತೆ ತಡೆಯಬೇಕು ಎನ್ನುವುದಕ್ಕೆ ದೊಡ್ಡ ಕಾರಣ.

ತಡೆಯುವ ಉಪಾಯ 1960ರ ದಶಕದಲ್ಲಿ ಸಿಕ್ಕಿತು. 1963ರಲ್ಲಿ ಮರ್ಕ್ ಕಂಪನಿಯ ವಿಜ್ಞಾನಿ ಮಾರಿಸ್ ಹಿಲ್ಮನ್ ತನ್ನ ಐದು ವರ್ಷದ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂದಾಗ ಅವಳ ಗಂಟಲಿನಿಂದ ತೆಗೆದ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿ ಬೆಳೆಸಿ ಸೌಮ್ಯಗೊಳಿಸಿದ. ಅವಳ ಹೆಸರನ್ನೇ ಹೊತ್ತ ತಳಿಯ ಲಸಿಕೆಗೆ 1967ರಲ್ಲಿ ಅನುಮತಿ ಸಿಕ್ಕಿತು. 1971ರಲ್ಲಿ ದಡಾರ ಮತ್ತು ರುಬೆಲ್ಲಾ ಜೊತೆ ಸೇರಿ ಎಂಎಂಆರ್ ಆಯಿತು. ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಲೆನಿನ್‌ಗ್ರಾಡ್ ತಳಿ ಸಿದ್ಧವಾಯಿತು, ಯುಗೊಸ್ಲಾವಿಯದ ಝಾಗ್ರೆಬ್‌ನಲ್ಲಿ ಅದನ್ನು ಇನ್ನಷ್ಟು ಪಳಗಿಸಿದರು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಇಂದು ತಯಾರಿಸುವ ಎಂಎಂಆರ್‌ನಲ್ಲಿ ಇರುವುದು ಆ ಲೆನಿನ್‌ಗ್ರಾಡ್-ಝಾಗ್ರೆಬ್ ತಳಿಯೇ. ಲಸಿಕೆ ಬಂದ ಕೂಡಲೇ ಎಲ್ಲರೂ ಅದನ್ನು ಬರಮಾಡಿಕೊಂಡರು ಎಂದುಕೊಂಡರೆ ತಪ್ಪು. ಅಮೆರಿಕದ ಲಸಿಕೆ ಸಲಹಾ ಸಮಿತಿ 1967ರಲ್ಲಿ ಇದನ್ನು ಪ್ರಾಯಕ್ಕೆ ಕಾಲಿಡುವವರಿಗೆ ಮತ್ತು ದೊಡ್ಡವರಿಗೆ, ಅದರಲ್ಲೂ ಗಂಡಸರಿಗೆ, ಕೊಡುವುದನ್ನು ಯೋಚಿಸಬಹುದು ಎಂದಿತು. ಹೆಚ್ಚು ಮುಖ್ಯವಾದ ಬೇರೆ ಲಸಿಕೆಗಳಿಗೆ ಇದರಿಂದ ಅಡ್ಡಿಯಾಗಬಾರದು ಎಂದೂ ಸೇರಿಸಿತು. ಎಲ್ಲ ಮಕ್ಕಳಿಗೂ ವಾಡಿಕೆಯಾಗಿ ಕೊಡಬೇಕೆಂಬ ಶಿಫಾರಸು ಬರಲು 1977ರವರೆಗೆ ಕಾಯಬೇಕಾಯಿತು. ಅಂದರೆ ಈ ರೋಗದ ಪೆಟ್ಟು ಬೀಳುವುದು ಪ್ರಾಯದ ಗಂಡಸಿನ ಮೇಲೆ ಎಂದು ಸಮಿತಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಆ ಪೆಟ್ಟನ್ನು ಹಗುರ ಎಂದು ತೂಗಿತು.

ನಮ್ಮ ದೇಶದ ತೀರ್ಮಾನವೂ ಈ ತಕ್ಕಡಿಯಿಂದಲೇ ಬಂದದ್ದು, ಅದರ ಒಂದು ಮುಖ್ಯ ಘಟ್ಟ ಕರ್ನಾಟಕದಲ್ಲಿ ನಡೆಯಿತು. 2017ರ ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ದಡಾರ-ರುಬೆಲ್ಲಾ (ಎಂಆರ್) ಲಸಿಕಾ ಅಭಿಯಾನಕ್ಕೆ ಚಾಲನೆ ಸಿಕ್ಕಿತು. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲೇ ಚುಚ್ಚುಮದ್ದು ಹಾಕಿದರು. ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮನೆಮನೆಗೆ ಹೋಗಿ ಹೇಳಿ ಕರೆದರು. ದೊಡ್ಡ ಕೆಲಸ, ನಿಜವಾಗಿ ಮೆಚ್ಚಬೇಕಾದ ಕೆಲಸ. ಆದರೆ ಜಗತ್ತಿನ 120ಕ್ಕೂ ಹೆಚ್ಚು ದೇಶಗಳ ಸರಕಾರಿ ಪಟ್ಟಿಯಲ್ಲಿರುವ ಮಂಗನಬಾವಿನ ಲಸಿಕೆಯನ್ನು ಆ ಸೀಸೆಯಿಂದ ಕೈಬಿಟ್ಟಿದ್ದರು. ಭಾರತದ ಮಕ್ಕಳ ವೈದ್ಯರ ಸಂಘ 9 ತಿಂಗಳು, 15 ತಿಂಗಳು ಮತ್ತು 4ರಿಂದ 6 ವರ್ಷದ ನಡುವೆ ಎಂಎಂಆರ್ ಕೊಡಬೇಕೆಂದು ಹೇಳುತ್ತಲೇ ಬಂದಿದೆ. ಖಾಸಗಿ ಕ್ಲಿನಿಕ್ಕಿಗೆ ಹೋಗಬಲ್ಲವರ ಮಕ್ಕಳಿಗೆ ಎಂಎಂಆರ್, ಸರಕಾರಿ ಲಸಿಕೆಯನ್ನೇ ನಂಬಿದ ಮನೆಯ ಮಕ್ಕಳಿಗೆ ಎಂಆರ್: ಇದು ನಮ್ಮ ಇಂದಿನ ಸ್ಥಿತಿ.

ಇದನ್ನು ಸಮರ್ಥಿಸುವವರ ಮಾತನ್ನು ಗೌರವದಿಂದ ಕೇಳಬೇಕು, ಅದರಲ್ಲಿ ತಿರುಳಿದೆ. ದಡಾರ ಮಕ್ಕಳನ್ನು ಕೊಲ್ಲುತ್ತದೆ, ರುಬೆಲ್ಲಾ ಗರ್ಭದ ಕೂಸಿನ ಕಣ್ಣು, ಕಿವಿ, ಹೃದಯ ಕೆಡಿಸುತ್ತದೆ. ಮಂಗನಬಾವು ಹಾಗೆ ಕೊಲ್ಲುವುದು ತೀರ ವಿರಳ. ಹಣ, ಸಿಬ್ಬಂದಿ, ಶೀತಲ ಪೆಟ್ಟಿಗೆ ಎಲ್ಲವೂ ಮಿತಿಯಲ್ಲಿರುವಾಗ ಕೊಲ್ಲುವ ರೋಗಕ್ಕೆ ಮೊದಲ ಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳಿದೆ: ದಡಾರ, ರುಬೆಲ್ಲಾ ಲಸಿಕೆ ಚೆನ್ನಾಗಿ ನೆಲೆಯೂರಿದ, ಮಂಗನಬಾವನ್ನು ತಗ್ಗಿಸುವುದು ಮುಖ್ಯವೆಂದು ಭಾವಿಸುವ ದೇಶಗಳು ಇದನ್ನು ಸೇರಿಸಿಕೊಳ್ಳಲಿ ಎಂದು. ಮೊದಲ ಸ್ಥಾನದ ಬಗ್ಗೆ ತಕರಾರಿಲ್ಲ. ಮೊದಲ ಸ್ಥಾನ ಸಿಗದ್ದಕ್ಕೆ ಯಾವ ಸ್ಥಾನವೂ ಇಲ್ಲ ಎಂದಾದಾಗ ತಕರಾರು ಹುಟ್ಟುತ್ತದೆ. ಅದೇ ಮಗುವಿಗೆ, ಅದೇ ದಿನ, ಅದೇ ಸೂಜಿಯಲ್ಲಿ ಹೋಗಬಹುದಾದ ಮೂರನೆಯ ಲಸಿಕೆಗೆ ಬೇರೆ ಆಶಾ ಕಾರ್ಯಕರ್ತೆ ಬೇಕಿಲ್ಲ, ಬೇರೆ ಶೀತಲ ಪೆಟ್ಟಿಗೆಯೂ ಬೇಕಿಲ್ಲ. ಬೇಕಾದದ್ದು ಹೆಚ್ಚುವರಿ ಹಣ. ಆ ಹಣದ ಎದುರು ತಕ್ಕಡಿಯಲ್ಲಿ ಇಡಬೇಕಾದದ್ದು ಸಾವುಗಳನ್ನಷ್ಟೇ ಅಲ್ಲ, ಕೆಲಸ ತಪ್ಪಿದ ದಿನಗಳನ್ನು, ಈ ರೋಗದಿಂದ ಕೇಳದಾದ ಕಿವಿಗಳನ್ನು, ಕುಗ್ಗಿದ ವೃಷಣಗಳನ್ನು, ಮಕ್ಕಳಾಗಲಿಲ್ಲವೆಂದು ಹತ್ತು ವರ್ಷ ಹರಕೆ ಹೊತ್ತು ಅಲೆದ ದಂಪತಿಯನ್ನು. ಇವನ್ನು ಎಣಿಸಿ ಆಮೇಲೆ ಹಗುರ ಎಂದಿದ್ದರೆ ಒಪ್ಪಬಹುದಿತ್ತು.

ಇನ್ನೊಂದು ವಾದ ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳಿಸುತ್ತದೆ: ಚಿಕ್ಕಂದಿನಲ್ಲಿ ಬಂದು ಹೋಗಲಿ, ಆಗ ಬಂದರೆ ಏನೂ ಆಗುವುದಿಲ್ಲ. ಪ್ರಾಯಕ್ಕೆ ಮುಂಚೆ ಬಂದರೆ ವೃಷಣಕ್ಕೆ ಅಪಾಯ ತೀರ ಕಡಿಮೆ ಎನ್ನುವುದು ನಿಜ. ಆದರೆ ರೋಗ ಯಾವ ವಯಸ್ಸಿನಲ್ಲಿ ಬರಬೇಕು ಎಂದು ನಾವು ಗೊತ್ತುಮಾಡಲಾಗುವುದಿಲ್ಲ, ಮತ್ತು ಆ ವಯಸ್ಸು ಮೇಲೆ ಸರಿಯುತ್ತಿದೆ. ಕೂಡುಕುಟುಂಬಗಳು ಒಡೆದು, ಮನೆಗೊಂದೋ ಎರಡೋ ಮಕ್ಕಳಾಗಿ, ಅಕ್ಕಪಕ್ಕದಲ್ಲಿ ಕೆಲವು ಮಕ್ಕಳಿಗೆ ಖಾಸಗಿಯಾಗಿ ಲಸಿಕೆ ಬಿದ್ದು ವೈರಸ್ಸಿನ ಓಡಾಟ ಕಡಿಮೆಯಾದಾಗ, ಲಸಿಕೆ ಇಲ್ಲದ ಹುಡುಗ ಅದನ್ನು ಎದುರಿಸದೆಯೇ ಹತ್ತನೆಯ ತರಗತಿ ದಾಟುತ್ತಾನೆ. ಆಮೇಲೆ ಹಾಸ್ಟೆಲ್ಲಿಗೋ, ಪಿಜಿಗೋ, ಕಟ್ಟಡದ ಕೆಲಸದ ಶೆಡ್ಡಿಗೋ, ಸೈನ್ಯಕ್ಕೋ ಸೇರುತ್ತಾನೆ. 1918ರ ಬ್ಯಾರಕ್ಕಿನಲ್ಲಿ ಆದದ್ದು ಅಲ್ಲಿ ಮತ್ತೆ ಆಗುತ್ತದೆ. ಅರೆಬರೆ ಲಸಿಕೆಯಿಂದ ರೋಗ ದೊಡ್ಡವರತ್ತ ಸರಿಯುತ್ತದೆ ಎನ್ನಲು ಗ್ರೀಸ್‌ನದೇ ಒಂದು ಕಹಿ ಉದಾಹರಣೆ ಇದೆ: 1970ರ ದಶಕದಿಂದ ಅಲ್ಲಿ ಎಂಎಂಆರ್ ಇತ್ತು, ಆದರೆ ಎಲ್ಲರಿಗೂ ತಲುಪಲಿಲ್ಲ, 1993ರಲ್ಲಿ ರುಬೆಲ್ಲಾ ಪ್ರಾಯದವರಲ್ಲಿ ಹಬ್ಬಿ ಹುಟ್ಟುಕುರುಡು, ಹುಟ್ಟುಕಿವುಡಿನ ಕೂಸುಗಳು ಹುಟ್ಟಿದವು. ಮಂಗನಬಾವಿಗೆ ಬ್ರಿಟನ್ ಸಾಕ್ಷಿ. ಅಲ್ಲಿ ಎಂಎಂಆರ್ ಶುರುವಾದದ್ದು 1988ರಲ್ಲಿ. ಅದನ್ನು ಪಡೆಯುವ ವಯಸ್ಸು ಮೀರಿದ್ದ, ರೋಗವನ್ನೂ ಕಾಣದ ಪೀಳಿಗೆ ಕಾಲೇಜು ಸೇರಿದಾಗ, 2005ರ ಒಂದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 43,000ಕ್ಕೂ ಹೆಚ್ಚು ಖಚಿತ ಪ್ರಕರಣಗಳು ಬಂದವು. ನಮ್ಮ ನೆರೆಯ ಕೇರಳದಲ್ಲಿ 2024ರಲ್ಲಿ ಹತ್ತಾರು ಸಾವಿರ ಮಂದಿಗೆ ಮಂಗನಬಾವು ಬಂತು.

ಲಸಿಕೆಗೂ ದೋಷವಿಲ್ಲವೇ ಎಂದು ಕೇಳುವವರಿಗೆ ಮುಚ್ಚುಮರೆ ಮಾಡದೆ ಉತ್ತರ ಕೊಡಬೇಕು. ಜಪಾನ್ 1989ರಲ್ಲಿ ಉರಾಬೆ ಎಂಬ ತಳಿಯ ಎಂಎಂಆರ್ ತಂದು, ಕೆಲವು ಮಕ್ಕಳಿಗೆ ಮಿದುಳುಪೊರೆಯ ಉರಿಯೂತ ಬಂದದ್ದರಿಂದ 1993ರಲ್ಲಿ ನಿಲ್ಲಿಸಿತು. ಲೆನಿನ್‌ಗ್ರಾಡ್-ಝಾಗ್ರೆಬ್ ತಳಿಯಿಂದಲೂ ಬ್ರೆಜಿಲ್‌ನ ಸಾಮೂಹಿಕ ಅಭಿಯಾನಗಳಲ್ಲಿ ಅಂಥ ಪ್ರಕರಣಗಳು ವರದಿಯಾದವು. ಜೆರಿಲ್ ಲಿನ್ ತಳಿಯಲ್ಲಿ ಈ ತೊಂದರೆ ಕಾಣುವುದೇ ಇಲ್ಲವೆನ್ನುವಷ್ಟು ಕಡಿಮೆ. ಲಸಿಕೆಯಿಂದ ಬರುವ ಈ ಉರಿಯೂತ ಸಾಮಾನ್ಯವಾಗಿ ತಾನಾಗಿ ಗುಣವಾಗುತ್ತದೆ. ಮಂಗನಬಾವೇ ಬಂದರೆ ನೂರಕ್ಕೆ ಹತ್ತರವರೆಗೆ ಮಿದುಳುಪೊರೆಯ ತೊಂದರೆ ಕಾಣಬಹುದು. ಎರಡು ಡೋಸು ಹಾಕಿದರೂ ರಕ್ಷಣೆ ಸುಮಾರು ನೂರಕ್ಕೆ 88, ವರ್ಷಗಳು ಕಳೆದಂತೆ ಅದು ಸವೆಯುತ್ತದೆ. ಆದರೂ ಲಸಿಕೆ ಪಡೆದು ರೋಗ ಬಂದವರಲ್ಲಿ ವೃಷಣ ಊದುವುದು ಗಣನೀಯವಾಗಿ ಕಡಿಮೆ. ಯಾವ ತಳಿ ಬೇಕು ಎಂಬ ಚರ್ಚೆ ಆಗಲೇಬೇಕು; ಅದು ಲಸಿಕೆ ಬೇಡ ಎನ್ನಲು ನೆಪವಾಗಬಾರದು.

ಗಂಡಸಿನ ಬಂಜೆತನದ ಭಯದ ಬಗ್ಗೆಯೂ ಒಂದು ವಿಚಿತ್ರವನ್ನು ಎತ್ತಿ ತೋರಿಸಬೇಕು. ರೋಗ ಬಂದಾಗ ಕಾಣದ ಈ ಭಯ ಲಸಿಕೆ ಬಂದಾಗ ಎದ್ದು ನಿಲ್ಲುತ್ತದೆ. ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿ ಗಂಡುಮಕ್ಕಳನ್ನು ನಿರ್ವೀರ್ಯ ಮಾಡುತ್ತದೆ ಎಂಬ ವದಂತಿ ವರ್ಷಗಟ್ಟಲೆ ಕಾಡಿತು. 2017ರ ದಡಾರ-ರುಬೆಲ್ಲಾ ಅಭಿಯಾನಕ್ಕೂ ಕೇರಳದ ಮಲಪ್ಪುರದಂಥ ಕಡೆ ಇಂಥ ಮಾತೇ ಅಡ್ಡಬಂತು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಗಳಿಗೆ ಅನುಮತಿ ಘೋಷಿಸಿದ ಔಷಧ ಮಹಾನಿಯಂತ್ರಕರು, ಇದರಿಂದ ಗಂಡಸುತನ ಹೋಗುತ್ತದೆ ಎಂಬುದು ಶುದ್ಧ ಅಸಂಬದ್ಧ ಎಂದು ಅಂದೇ ಸ್ಪಷ್ಟಪಡಿಸಬೇಕಾಯಿತು. ಪುರಾವೆ ಏನು ಹೇಳಿತು? ಮಯಾಮಿ ವಿಶ್ವವಿದ್ಯಾಲಯದವರು ಲಸಿಕೆಗೆ ಮುಂಚೆ ಮತ್ತು ಆಮೇಲೆ 45 ಗಂಡಸರ ವೀರ್ಯ ಪರೀಕ್ಷಿಸಿದರು, ಯಾವ ಅಳತೆಯಲ್ಲೂ ಇಳಿತ ಕಾಣಲಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದವರು ಮಗುವಿಗಾಗಿ ಪ್ರಯತ್ನಿಸುತ್ತಿದ್ದ 2,000ಕ್ಕೂ ಹೆಚ್ಚು ದಂಪತಿಗಳನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗಂಡ ಹೆಂಡತಿ ಇಬ್ಬರಲ್ಲಿ ಯಾರು ಲಸಿಕೆ ಪಡೆದರೂ ಗರ್ಭ ನಿಲ್ಲುವುದಕ್ಕೆ ಅಡ್ಡಿಯಾಗಲಿಲ್ಲ. ಗಂಡನಿಗೆ ಹಿಂದಿನ ಎರಡು ತಿಂಗಳಲ್ಲಿ ಕೋವಿಡ್ ಬಂದಿದ್ದರೆ ಮಾತ್ರ ಗರ್ಭ ನಿಲ್ಲುವ ಸಾಧ್ಯತೆ ತಾತ್ಕಾಲಿಕವಾಗಿ ತಗ್ಗಿತು. ಭಯಪಡಬೇಕಾದದ್ದು ಯಾವುದಕ್ಕೆ ಎಂಬುದು ತಿರುವುಮುರುವಾಗಿತ್ತು.

ಈ ಫಲಿತಾಂಶ ವೈದ್ಯರಿಗೆ ಆಶ್ಚರ್ಯ ತರಬೇಕಿರಲಿಲ್ಲ. 1951ರಲ್ಲೇ ಅಮೆರಿಕದ ಜಾನ್ ಮ್ಯಾಕ್ಲೌಡ್, ಸೀತಾಳೆ ಸಿಡುಬು ಮತ್ತು ನ್ಯುಮೋನಿಯಾ ಬಂದುಹೋದ ಮೇಲೆ ವೀರ್ಯದ ಗುಣಮಟ್ಟ ಕುಸಿದು ಮತ್ತೆ ಏರುವುದನ್ನು ದಾಖಲಿಸಿದ್ದ. ವೃಷಣಕ್ಕೆ ದೇಹಕ್ಕಿಂತ ಕೆಲವು ಡಿಗ್ರಿ ತಂಪು ಬೇಕು. ಜ್ವರದ ಕಾವಿಗೆ ವೀರ್ಯಾಣುಗಳ ತಯಾರಿ ಮುಗ್ಗರಿಸುತ್ತದೆ. 1960ರ ದಶಕದಲ್ಲಿ ಹೆಲ್ಲರ್ ಮತ್ತು ಕ್ಲೆರ್ಮಾಂಟ್ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕೆಂದು ತೋರಿಸಿದರು. ಕೋವಿಡ್‌ನಿಂದ ಇಳಿದ ವೀರ್ಯಾಣುಗಳ ಸಂಖ್ಯೆ ಹೆಚ್ಚಿನವರಲ್ಲಿ ಮೂರು ತಿಂಗಳ ಹೊತ್ತಿಗೆ ಸುಧಾರಿಸಿದ್ದು ಈ ಲೆಕ್ಕಕ್ಕೆ ಸರಿಹೊಂದುತ್ತದೆ. 2020ರಲ್ಲಿ ಚೀನಾದ ಶಾಂಗ್‌ಚಿಯು ಊರಿನ ಆಸ್ಪತ್ರೆಯಲ್ಲಿ 38 ರೋಗಿಗಳ ಪೈಕಿ 6 ಮಂದಿಯ ವೀರ್ಯದಲ್ಲಿ ಕೊರೊನಾ ವೈರಸ್ಸಿನ ಕುರುಹು ಸಿಕ್ಕಿತೆಂದು ಗಾಬರಿ ಹುಟ್ಟಿತ್ತು. ಮುಂದಿನ ಅಧ್ಯಯನಗಳಲ್ಲಿ ಅದು ಬಹುಮಟ್ಟಿಗೆ ಕಾಣಲಿಲ್ಲ. ಕೋವಿಡ್ ಮಂಗನಬಾವಿನಂತೆ ವೃಷಣವನ್ನು ಗುರಿಹಿಡಿದು ಹೊಡೆಯುವ ರೋಗವಲ್ಲ, ಎರಡನ್ನೂ ಒಂದೇ ಎಂದು ಹೇಳುವುದು ತಪ್ಪು. ಆದರೆ ಎರಡರಲ್ಲೂ ಕೇಳಬೇಕಾದ ಪ್ರಶ್ನೆಗಳು ಒಂದೇ, ಮತ್ತು ಆ ಪ್ರಶ್ನೆಗಳು ಹಳೆಯವು. ಅವನ್ನು ಕೇಳುವ ಅಭ್ಯಾಸ ಇಟ್ಟುಕೊಂಡಿದ್ದರೆ 2020ರಲ್ಲಿ ವದಂತಿಗೆ ಅಷ್ಟು ಖಾಲಿ ಜಾಗ ಸಿಗುತ್ತಿರಲಿಲ್ಲ.

ಇದನ್ನೆಲ್ಲ ಬರೆದರೆ ಜನ ಹೆದರುವುದಿಲ್ಲವೇ ಎಂಬ ಆಕ್ಷೇಪವೂ ಬರಬಹುದು. ಹೇಳದಿದ್ದಾಗ ಹೆದರಿಕೆ ಕಡಿಮೆಯಾಗಲಿಲ್ಲ, ಅದು ತಪ್ಪು ದಾರಿ ಹಿಡಿಯಿತು. ಮಕ್ಕಳಾಗದಿದ್ದರೆ ಪರೀಕ್ಷೆ ಮೊದಲು ಹೆಂಡತಿಗೆ ಎಂಬ ರೂಢಿ ಉಳಿದದ್ದೂ ಈ ಮೌನದಲ್ಲೇ. ವೀರ್ಯ ಪರೀಕ್ಷೆ ನೋವಿಲ್ಲದ, ಅಗ್ಗದ ಪರೀಕ್ಷೆ. ಅದನ್ನು ಹೇಗೆ ಮಾಡಬೇಕೆಂಬ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಹೊರತಂದಿದೆ. ಹರೆಯದಲ್ಲಿ ಮಂಗನಬಾವು ಬಂದಿತ್ತೇ, ಆಗ ಕೆಳಗೆ ನೋವು ಬಂದಿತ್ತೇ ಎಂದು ಗಂಡನನ್ನು ಕೇಳುವುದಕ್ಕೆ ಅರ್ಧ ನಿಮಿಷ ಸಾಕು.

ಓದುಗರಲ್ಲಿ ಗಂಡುಮಕ್ಕಳ ತಂದೆತಾಯಿ ಇದ್ದರೆ ಅವರಿಗೆ ಒಂದು ಕೋರಿಕೆ. ಮಗನ ತಾಯಿ ಕಾರ್ಡನ್ನೋ ಲಸಿಕೆಯ ಪುಸ್ತಕವನ್ನೋ ತೆಗೆದು ನೋಡಿ. ಅದರಲ್ಲಿ ಎಂಆರ್ ಎಂದಷ್ಟೇ ಇದ್ದರೆ ಮಂಗನಬಾವಿಗೆ ರಕ್ಷಣೆ ಸಿಕ್ಕಿಲ್ಲ. ಎಂಎಂಆರ್ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ, ಹುಡುಗ ದೊಡ್ಡವನಾಗಿದ್ದರೂ ಕೇಳಬಹುದು. ಮೀಸೆ ಚಿಗುರಿದ ಹುಡುಗನಿಗೆ ಕೆನ್ನೆ ಊದಿದರೆ, ಮುಂದಿನ ವಾರದೊಳಗೆ ಕೆಳಗೆ ನೋವು ಬಂದರೆ ನಾಚದೆ ಹೇಳಬೇಕೆಂದು ಅವನಿಗೆ ಮೊದಲೇ ತಿಳಿಸಿಡಿ. ಕೆನ್ನೆ ಊದದೆ ಒಮ್ಮೆಲೇ ವೃಷಣದಲ್ಲಿ ತೀವ್ರ ನೋವು ಕಾಣಿಸಿಕೊಂಡರೆ ಅದು ವೃಷಣ ತಿರುಚಿಕೊಂಡದ್ದೂ ಆಗಿರಬಹುದು. ಆಗ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದನ್ನು ಸಾಮಾನ್ಯವಾಗಿ ಉಳಿಸಬಹುದು.